ಒಂದು ನಂಬರಿಗೆ ಒಂದೇ ಆಕಾರ

ಪಿಯುಸಿ ಮೊದಲ ವರ್ಷದ ಗಣಿತದಲ್ಲಿ ಸಂಬಂಧ ಮತ್ತು ಫಲನಗಳ ಪಾಠ ಬರುತ್ತದೆ. ಎರಡು ಗಣಗಳನ್ನು ಇಟ್ಟುಕೊಂಡು, ಒಂದರ ಅಂಶವನ್ನು ಇನ್ನೊಂದರ ಅಂಶದೊಡನೆ ಜೋಡಿಸುತ್ತ ಹೋದರೆ ಸಿಗುವ ಜೋಡಿಗಳ ಯಾವುದೇ ಗುಂಪೂ ಸಂಬಂಧವೇ. ಮೊದಲ ಗಣದ ಪ್ರತಿಯೊಂದು ಅಂಶಕ್ಕೂ ಎರಡನೆಯದರಲ್ಲಿ ಒಂದು, ಒಂದೇ ಒಂದು ಜೊತೆ ಇದ್ದಾಗ ಮಾತ್ರ ಆ ಸಂಬಂಧ ಫಲನವಾಗುತ್ತದೆ, ಅಂದರೆ ಫಂಕ್ಷನ್. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ‘ಒಂದೇ ಒಂದು’ ಎಂಬ ಷರತ್ತು ಯಾರಿಗೆ, ಯಾತಕ್ಕೆ ಬೇಕಾಯಿತು ಎಂಬಲ್ಲಿ ಮಾತ್ರ ಪಾಠ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯಂಥ ಸೀಮೆಯ ಭೂಮಿಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಈ ಷರತ್ತು ಇಲ್ಲಿಗೆ ಬಂದದ್ದು ಶಾಲೆಯ ಕರಿಹಲಗೆಯ ಮೂಲಕ ಅಲ್ಲ, ಕಂದಾಯದ ಮೂಲಕ. ಹತ್ತೊಂಬತ್ತನೆಯ ಶತಮಾನದ ಸರ್ವೆಯು ರೈತನಿಗೂ ನೆಲಕ್ಕೂ ನಡುವೆ ಇದ್ದ ಸಡಿಲವಾದ ಸಂಬಂಧಗಳನ್ನು ಒಂದೊಂದಾಗಿ ಹಿಡಿದು ಫಲನಗಳನ್ನಾಗಿ ಮಾಡಿತು. ಅದರಿಂದ ರೈತನಿಗೆ ದೊಡ್ಡದೊಂದು ರಕ್ಷಣೆ ಸಿಕ್ಕಿತು, ಅಷ್ಟೇ ದೊಡ್ಡದೊಂದು ವಿಷಯ ಲೆಕ್ಕದಿಂದ ಹೊರಗೂ ಉಳಿಯಿತು.

ಸರ್ವೆಗೆ ಮುಂಚೆ ಹಳೆಯ ಮೈಸೂರು ಸೀಮೆಯಲ್ಲಿ ಹೊಲವನ್ನು ಅಳೆಯುತ್ತಿದ್ದದ್ದು ಬಿತ್ತನೆಯಿಂದ. ಎಷ್ಟು ಬೀಜ ಹಿಡಿಸುತ್ತದೋ ಅಷ್ಟು ನೆಲ, ಇದೇ ಬೀಜವರಿ. ‘ಹತ್ತು ಕೊಳಗದ ಗದ್ದೆ’, ‘ಒಂದು ಖಂಡುಗದ ಹೊಲ’ ಎಂಬ ಮಾತು ಶಾಸನಗಳಲ್ಲೂ ಇದೆ, ಹಳ್ಳಿಯ ಹಿರಿಯರ ಬಾಯಲ್ಲೂ ಉಳಿದಿದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಖಂಡುಗ ಅಂದರೆ ಎಷ್ಟು ನೆಲ? ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೊಡುವ ಲೆಕ್ಕದಲ್ಲಿ ಖುಷ್ಕಿಯ ಒಂದು ಖಂಡುಗವೆಂದರೆ 64,000 ಚದರ ಗಜ, ತರಿ ಮತ್ತು ತೋಟದ ಒಂದು ಖಂಡುಗವೆಂದರೆ 10,000 ಚದರ ಗಜ. ಇವತ್ತಿನ ಲೆಕ್ಕದಲ್ಲಿ ಮೊದಲನೆಯದು ಹದಿಮೂರು ಎಕರೆಗೂ ತುಸು ಹೆಚ್ಚು, ಎರಡನೆಯದು ಎರಡು ಎಕರೆಯ ಆಸುಪಾಸು. ಅದೂ ಸರ್ಕಾರ ಒಪ್ಪಿದ ಸರಾಸರಿ ಅಷ್ಟೇ. ಕೊಳಗದ ಗಾತ್ರವೇ ಊರಿಂದೂರಿಗೆ ಬೇರೆ. ಎರೆ ಮಣ್ಣಿಗೆ ಹಾಕುವ ಬೀಜದ ಪ್ರಮಾಣ ಒಂದು, ಕೆಂಪು ಮರಳು ನೆಲಕ್ಕೆ ಹಾಕುವುದು ಇನ್ನೊಂದು. 1800-01ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿ ಹಿರಿಯೂರಿನ ಮೇಲೂ ಹಾದುಹೋದ ಫ್ರಾನ್ಸಿಸ್ ಬುಕನನ್ ಪ್ರತಿ ಊರಿನ ಅಳತೆಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕಾದದ್ದು ಈ ಕಾರಣಕ್ಕೇ. ಗಣಿತದ ಮಾತಿನಲ್ಲಿ ಹೇಳುವುದಾದರೆ ಬೀಜದಿಂದ ವಿಸ್ತೀರ್ಣಕ್ಕೆ ಹೋಗುವ ದಾರಿ ಸಂಬಂಧ, ಫಲನವಲ್ಲ. ‘ಹತ್ತು ಕೊಳಗ’ ಎಂಬ ಒಂದೇ ಹೆಸರಿನ ಎದುರಿಗೆ ಹಲವು ವಿಸ್ತೀರ್ಣಗಳು ನಿಂತಿರುತ್ತವೆ.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಬೀಜವರಿಯು ವಿಸ್ತೀರ್ಣವನ್ನು ಹೇಳಲು ಹೊರಟದ್ದೇ ಅಲ್ಲ. ಒಂದು ಹೊಲಕ್ಕೆ ಎಷ್ಟು ಬೀಜ ಎತ್ತಿಡಬೇಕು, ಎಷ್ಟು ದಿನದ ಬೇಸಾಯ, ಎಷ್ಟು ಜೊತೆ ಎತ್ತು ಎಂಬುದು ಒಕ್ಕಲಿಗನಿಗೆ ಬೇಕಾದ ಸಂಗತಿ, ಅದನ್ನು ಕೊಳಗದ ಲೆಕ್ಕ ನೇರವಾಗಿ ಹೇಳುತ್ತಿತ್ತು. ಮಣ್ಣಿನ ಗುಣ ಅಳತೆಯೊಳಗೇ ಸೇರಿಕೊಂಡಿತ್ತು. ಊರಿನೊಳಗೆ ಎಲ್ಲರಿಗೂ ಗೊತ್ತಿರುವ ಕೊಳಗವೊಂದಿದ್ದು, ಎಲ್ಲರಿಗೂ ಗೊತ್ತಿರುವ ಹೊಲಗಳಿದ್ದಾಗ ‘ಒಂದೇ ಒಂದು’ ಎಂಬ ಷರತ್ತಿನ ಅಗತ್ಯ ಯಾರಿಗೂ ಬೀಳಲಿಲ್ಲ. ಊರನ್ನು ಕಂಡಿರದವನೊಬ್ಬ ದೂರದ ಕಚೇರಿಯಲ್ಲಿ ಕುಳಿತು ಈ ಊರಿನ ಹತ್ತು ಕೊಳಗವನ್ನೂ ಆ ಊರಿನ ಹತ್ತು ಕೊಳಗವನ್ನೂ ತೂಗಿನೋಡಬೇಕಾದಾಗ ಮಾತ್ರ ಆ ಅಗತ್ಯ ಹುಟ್ಟುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಕನ್ನಡ ನಾಡಿಗೆ ಖಚಿತ ಅಳತೆಯನ್ನು ಇಂಗ್ಲಿಷರು ಕಲಿಸಬೇಕಾಗಿತ್ತೇ? ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದಿದ್ದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಕೊಟ್ಟಿದ್ದ. ಪ್ರಮಾಣ, ಫಲ, ಇಚ್ಛೆ ಎಂಬ ಮೂರನ್ನು ಇಟ್ಟು ನಾಲ್ಕನೆಯದನ್ನು ತೆಗೆಯುವ ತ್ರೈರಾಶಿಕ ಅಪ್ಪಟ ಫಲನವೇ: ಇಚ್ಛೆ ಯಾವುದಾದರೂ ಆಗಲಿ, ಉತ್ತರ ಒಂದೇ. ನೆಲದ ಅಳತೆಗೂ ಮತ್ತರು, ಕಮ್ಮ ಎಂಬ ಮಾನಗಳಿದ್ದವು, ಅಳೆಯುವ ಗಳೆಗಳಿದ್ದವು. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬದ ಹೆಸರಿನಿಂದ ಭೇರುಂಡ ಗಳೆ ಎಂಬ ಅಳತೆಗೋಲೇ ಬಳಕೆಗೆ ಬಂತು. ಇಷ್ಟೆಲ್ಲ ನಿಜ. ಆದರೆ ದಾನಶಾಸನಗಳನ್ನು ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಬರೆಸಿದವರು ಇಷ್ಟು ಮತ್ತರು ಎಂದು ಹೇಳಿ ಸುಮ್ಮನಾಗದೆ ಇಂಥ ಗಳೆಯಲ್ಲಿ ಎಂದೂ ಸೇರಿಸುವುದುಂಟು. ಗಳೆ ಬದಲಾದರೆ ಮತ್ತರೂ ಬದಲಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ತಕರಾರು ಬರಬಹುದಾದ ಕಡೆ, ಆಚಂದ್ರಾರ್ಕವಾಗಿ ನಿಲ್ಲಬೇಕಾದ ದಾನದಲ್ಲಿ, ಸಂಬಂಧವನ್ನು ಅವರು ಫಲನವಾಗಿ ಬಿಗಿಗೊಳಿಸುತ್ತಿದ್ದರು, ಉಳಿದ ಕಡೆ ಸಡಿಲವಾಗಿ ಬಿಡುತ್ತಿದ್ದರು. ಹೀಗಾಗಿ ಆಕ್ಷೇಪವನ್ನು ಒಪ್ಪಿಕೊಂಡರೂ ವಾದ ಬೀಳುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ‘ಒಂದೇ ಒಂದು’ ಎಂಬುದು ತಿಳಿವಳಿಕೆಯ ಕೊರತೆಯಿಂದ ತಡವಾಗಿ ಬಂದದ್ದಲ್ಲ. ಬೇಕಾದಲ್ಲಿ ಇತ್ತು, ಬೇಡವಾದಲ್ಲಿ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆದ ಹೊಸತೆಂದರೆ ಅದು ಪ್ರತಿ ಹೊಲಕ್ಕೂ ಕಡ್ಡಾಯವಾದದ್ದು.

ಮೈಸೂರು ಕಮಿಷನರುಗಳ ಆಡಳಿತದಲ್ಲಿದ್ದಾಗ, ಬೌರಿಂಗ್ ಕಮಿಷನರಾಗಿದ್ದ ಕಾಲದಲ್ಲಿ, 1863ರಲ್ಲಿ ಬೊಂಬಾಯಿ ಪ್ರಾಂತ್ಯದ ಮಾದರಿಯ ರೆವಿನ್ಯೂ ಸರ್ವೆ ಇಲ್ಲಿ ಶುರುವಾಯಿತು. ಅದರ ಆಯುಧ 33 ಅಡಿಯ ಸರಪಳಿ. ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಇಡೀ ಗ್ರಾಮವನ್ನು ನಂಬರುಗಳಾಗಿ ಒಡೆದು, ಮೂಲೆಮೂಲೆಗೆ ಬಾಂದುಕಲ್ಲು ನೆಟ್ಟು, ಟಿಪ್ಪಣಿ ಬರೆದು, ನಕ್ಷೆ ಎಳೆದು, ಪ್ರತಿ ನಂಬರಿನ ವಿಸ್ತೀರ್ಣವನ್ನೂ ಆಕಾರವನ್ನೂ, ಅಂದರೆ ಕಂದಾಯದ ಮೊತ್ತವನ್ನೂ, ಆಕಾರ್‌ಬಂದ್‌ನಲ್ಲಿ ದಾಖಲಿಸಿದರು. ಬೇಸಾಯಕ್ಕೆ ಬಾರದ ಹಳ್ಳ, ದಾರಿ, ಬಂಡೆಯನ್ನು ಖರಾಬು ಎಂದು ಕಳೆದರು. ಸರ್ವೆ ನಂಬರಿನಿಂದ ವಿಸ್ತೀರ್ಣಕ್ಕೆ ಒಂದು ಬಾಣ, ಸರ್ವೆ ನಂಬರಿನಿಂದ ಕಂದಾಯಕ್ಕೆ ಇನ್ನೊಂದು ಬಾಣ. ಎರಡೂ ಫಲನಗಳು. ಕೊಳಗದ ಲೆಕ್ಕದಲ್ಲಿ ಬೀಜದೊಳಗೇ ಬೆರೆತಿದ್ದ ಮಣ್ಣಿನ ಗುಣವನ್ನು ಈಗ ಹೊರತೆಗೆದು ಬೇರೆಯೇ ಒಂದು ಕೋಷ್ಟಕದಲ್ಲಿ ಕೂರಿಸಬೇಕಾಯಿತು.

ಆ ಕೋಷ್ಟಕವನ್ನು ಹತ್ತಿರದಿಂದ ನೋಡಬೇಕು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಬೊಂಬಾಯಿಯ ಅಧಿಕಾರಿಗಳು 1847ರಲ್ಲಿ ಸಲ್ಲಿಸಿದ ಜಂಟಿ ವರದಿಯಲ್ಲಿ ಅದು ಖಚಿತ ರೂಪ ಪಡೆಯಿತು. ಮಣ್ಣನ್ನು ಮೊದಲು ಮೂರು ದರ್ಜೆ ಮಾಡಿದರು: ಕಪ್ಪಿನಿಂದ ಕಡು ಕಂದಿನವರೆಗಿನ ನುಣುಪು ಎರೆ, ತುಸು ಒರಟಾದ ಕೆಂಪು ಮಾದರಿ, ಜಲ್ಲಿ ಬೆರೆತ ಬಡ ಮಣ್ಣು. ಆಮೇಲೆ ಮಣ್ಣಿನ ಆಳವನ್ನು ಮೊಳದಲ್ಲಿ ಅಳೆದರು. ಮೊದಲ ದರ್ಜೆಯ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಅದು ಒಂದನೆಯ ವರ್ಗ, ಬೆಲೆ ಹದಿನಾರು ಆಣೆ. ಒಂದೂವರೆ ಮೊಳವಾದರೆ ಹದಿನಾಲ್ಕು ಆಣೆ, ಒಂದೂಕಾಲಿಗೆ ಹನ್ನೆರಡು, ಒಂದಕ್ಕೆ ಹತ್ತು, ಮುಕ್ಕಾಲಿಗೆ ಎಂಟು, ಅರ್ಧಕ್ಕೆ ಆರು, ಕಾಲು ಮೊಳಕ್ಕೆ ನಾಲ್ಕೂವರೆ. ಎರಡನೆಯ ದರ್ಜೆಯ ಮಣ್ಣಿಗೆ ಇದೇ ಏಣಿ, ಆದರೆ ಒಂದು ಮೆಟ್ಟಿಲು ಕೆಳಗಿನಿಂದ. ಒಟ್ಟು ಒಂಬತ್ತು ವರ್ಗ, ಕೊನೆಯದಕ್ಕೆ ಎರಡೇ ಆಣೆ. ಹೊಲವನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕದಲ್ಲೂ ಅಗೆದು ನೋಡಿ, ಸುಣ್ಣದ ಕಲ್ಲು, ಮರಳು, ಇಳಿಜಾರು, ನೀರು ನಿಲ್ಲುವಿಕೆ ಇಂಥ ದೋಷ ಒಂದೊಂದಕ್ಕೂ ಒಂದು ವರ್ಗ ಇಳಿಸಿ, ಕೊನೆಗೆ ಸರಾಸರಿ ತೆಗೆಯುವುದು ಕ್ರಮ. ಪಿಯುಸಿ ಪಾಠದ ಹೆಚ್ಚುಕಡಿಮೆ ಎಲ್ಲ ಪರಿಕಲ್ಪನೆಗಳೂ ಈ ಒಂದು ಕೋಷ್ಟಕದಲ್ಲಿವೆ. ದರ್ಜೆ ಮತ್ತು ಆಳದ ಜೋಡಿಯನ್ನು ತೆಗೆದುಕೊಂಡು ಒಂದೇ ಒಂದು ವರ್ಗವನ್ನು ಕೊಡುವ ಫಲನ ಇದು. ಆದರೆ ಹಿಂದಕ್ಕೆ ಹೋಗಲಾಗುವುದಿಲ್ಲ. ಎಂಟು ಆಣೆ ಎಂದರೆ ಮುಕ್ಕಾಲು ಮೊಳದ ಎರೆಯೂ ಇರಬಹುದು, ಒಂದು ಮೊಳದ ಕೆಂಪು ಮಣ್ಣೂ ಇರಬಹುದು. ಆದ್ದರಿಂದ ಇದು ಏಕ-ಏಕ ಫಲನವಲ್ಲ, ಅಂದರೆ ಒನ್-ಒನ್ ಅಲ್ಲ. ಒಂದೇ ವರ್ಗಕ್ಕೆ ಸೇರಿದ ಹೊಲಗಳೆಲ್ಲ ಕಂದಾಯದ ಕಣ್ಣಿಗೆ ಸಮಾನ. ಹೊಲ ತನಗೆ ತಾನು ಸಮಾನ, ಇದು ಅದಕ್ಕೆ ಸಮಾನವಾದರೆ ಅದೂ ಇದಕ್ಕೆ, ಎರಡರ ಸಮಾನತೆ ಮೂರನೆಯದಕ್ಕೂ ದಾಟುತ್ತದೆ. ಎರಡನೆಯ ಪಿಯುಸಿಯಲ್ಲಿ ಸಮಾನತಾ ಸಂಬಂಧ ಎಂದು ಕಲಿಸುವುದು ಇದನ್ನೇ. ಎರೆ ಮತ್ತು ಕೆಂಪು ಎರಡೂ ಮಣ್ಣು ಇರುವ ಹಿರಿಯೂರು ಸೀಮೆಯಲ್ಲಿ ಇದು ಕಾಗದದ ಮೇಲಿನ ಸಂಗತಿಯಾಗಿ ಉಳಿಯಲಿಲ್ಲ. ಕಣ್ಣಿಗೆ, ಕೈಗೆ, ನೇಗಿಲಿಗೆ ಬೇರೆಬೇರೆಯಾದ ಎರಡು ಹೊಲಗಳು ಒಂದೇ ಸಾಲಿನಲ್ಲಿ ಬಂದು ಕುಳಿತುಕೊಳ್ಳುವ ಪದ್ಧತಿ ಅದು.

ಕಂದಾಯದ ಕೋಷ್ಟಕಕ್ಕೆ ಗಣಿತದ ಹೆಸರಿಡುವುದು ಕಾಲವಿರುದ್ಧ ಎಂದು ಯಾರಾದರೂ ಹೇಳಬಹುದು. ವಿಂಗೇಟ್ ಗಣಿತಜ್ಞನಲ್ಲ, ಹೊಲ ಅಳೆದ ಮೋಜಣಿದಾರನೂ ಗಣಿತಜ್ಞನಲ್ಲ. ಇದಕ್ಕೆ ಉತ್ತರ ಫಲನದ ಚರಿತ್ರೆಯಲ್ಲೇ ಇದೆ. 1748ರಲ್ಲಿ ಆಯ್ಲರ್ ಫಲನವೆಂದರೆ ಒಂದು ಸೂತ್ರ, ಚರಾಕ್ಷರಗಳಿಂದ ಕಟ್ಟಿದ ಉಕ್ತಿ ಎಂದುಕೊಂಡಿದ್ದ. ತ್ರೈರಾಶಿಕವೂ ಆ ಅರ್ಥದಲ್ಲೇ ಫಲನ, ಗುಣಿಸು, ಭಾಗಿಸು ಎಂಬ ಒಂದೇ ವಿಧಿ. 1837ರಲ್ಲಿ ಡಿರಿಕ್ಲೆ ಆ ಕಟ್ಟನ್ನು ಬಿಚ್ಚಿದ. ಒಂದು ಬೆಲೆಗೆ ಒಂದೇ ಬೆಲೆ ಹೊಂದಿಕೊಂಡಿದ್ದರೆ ಸಾಕು, ಎಲ್ಲ ಕಡೆಯೂ ಅದೇ ನಿಯಮ ನಡೆಯಬೇಕೆಂದಿಲ್ಲ, ಸೂತ್ರದಲ್ಲಿ ಹೇಳಲಿಕ್ಕೆ ಬರಬೇಕೆಂದೂ ಇಲ್ಲ ಎಂದ. ಹತ್ತು ವರ್ಷಗಳ ನಂತರದ ಜಂಟಿ ವರದಿಯ ಕೋಷ್ಟಕ ಇಂಥದ್ದೇ. ಹದಿನಾರರಿಂದ ಆರರವರೆಗೆ ಎರಡೆರಡು ಆಣೆ ಇಳಿದದ್ದು ಆಮೇಲೆ ನಾಲ್ಕೂವರೆ, ಮೂರು, ಎರಡು ಎಂದು ಬೇರೆ ಹೆಜ್ಜೆ ಹಿಡಿಯುತ್ತದೆ. ಯಾವ ಒಂದು ಸೂತ್ರವೂ ಇಲ್ಲ, ಅನುಭವದಿಂದ ಇಟ್ಟ ಅಂಕಿಗಳಷ್ಟೇ. ಒಬ್ಬರಿಂದ ಇನ್ನೊಬ್ಬರು ಕಲಿತರೆಂದು ಹೇಳುವ ಅಗತ್ಯವಿಲ್ಲ. ಸೂತ್ರಕ್ಕೆ ಸಿಕ್ಕದ ವಸ್ತುವಿನಲ್ಲೂ ಉತ್ತರ ಒಂದೇ ಇರಬೇಕು ಎಂಬ ಬೇಡಿಕೆ ಆ ಶತಮಾನದಲ್ಲಿ ಬರ್ಲಿನ್ನಿನ ಗಣಿತಕ್ಕೂ ಬಂತು, ಬೊಂಬಾಯಿಯ ಕಂದಾಯಕ್ಕೂ ಬಂತು. ಎರಡನೆಯದು ನಮ್ಮ ಹೊಲಗಳನ್ನು ಮುಟ್ಟಿತು.

ಆ ಬೇಡಿಕೆಯಿಂದ ಯಾರಿಗೆ ಏನು ಸಿಕ್ಕಿತು? ಸರ್ಕಾರಕ್ಕೆ ನಿಶ್ಚಿತ ಆದಾಯ ಸಿಕ್ಕಿತು, ಅದಕ್ಕೇ ಸರ್ವೆ ನಡೆದದ್ದು, ಇದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಊರಿನ ಲೆಕ್ಕ ಶಾನುಭೋಗರ ಕಡತದಲ್ಲಿತ್ತು. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಒಣಗಿಸಿ, ಮಡಿಕೆ ಹಾಕಿ, ಬಳಪದಿಂದ ಬರೆಯುವ ಪುಸ್ತಕ ಅದು. ಒರಸಿ ಮತ್ತೆ ಬರೆಯಬಹುದು. ಯಾವ ಹೊಲ ಎಷ್ಟು ಕೊಳಗ ಎಂಬ ಮಾತಿಗೆ ಹಲವು ಉತ್ತರಗಳಿದ್ದಾಗ, ಅವುಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಬರೆಯಬಲ್ಲವನ ಕೈಯಲ್ಲಿರುತ್ತದೆ. ತರಿ ಜಮೀನಿನ ವಾರದ, ಅಂದರೆ ಬೆಳೆಯ ಪಾಲಿನ, ಪದ್ಧತಿಯಲ್ಲಂತೂ ಕಣದ ರಾಶಿಗೆ ಮುದ್ರೆ ಬಿದ್ದು, ಸರ್ಕಾರದ ಪಾಲು ಅಳೆಯುವ ತನಕ ರೈತ ತನ್ನ ಧಾನ್ಯವನ್ನೇ ಮುಟ್ಟುವಂತಿರಲಿಲ್ಲ. ಸಂಬಂಧದ ಸಡಿಲು ಊರೊಳಗೆ ಹಿತವಾಗಿದ್ದರೂ ಬಲವಿಲ್ಲದವನಿಗೆ ಅದೇ ಕುತ್ತಾಗುತ್ತಿತ್ತು. ಸರ್ವೆ ನಂಬರಿನ ಮುಂದೆ ಒಂದೇ ಆಕಾರ ಬರೆದು, ಅದನ್ನು ಮೂವತ್ತು ವರ್ಷ ಬದಲಿಸುವುದಿಲ್ಲ ಎಂದಾಗ, ಬಾವಿ ತೋಡಿದರೂ ಗೊಬ್ಬರ ಹಾಕಿದರೂ ಕಂದಾಯ ಏರುವುದಿಲ್ಲ ಎಂಬ ಭರವಸೆ ರೈತನಿಗೆ ಸಿಕ್ಕಿತು. ಓದು ಬಾರದವನೂ ‘ನನ್ನ ನಂಬರಿಗೆ ಇಷ್ಟೇ’ ಎಂದು ಹೇಳುವಂತಾದದ್ದು ಸಣ್ಣ ಬದಲಾವಣೆಯಲ್ಲ. ವಂಶಪಾರಂಪರ್ಯದ ಶಾನುಭೋಗಿಕೆ ಹೋಗಲು ಮತ್ತೆ ನೂರು ವರ್ಷ ಹಿಡಿಯಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಆದರೆ ಆ ಅಧಿಕಾರದ ಬುಡ ಸಡಿಲವಾದದ್ದು ಸರಪಳಿ ಹೊಲದ ಮೇಲೆ ಬಿದ್ದ ದಿನವೇ ಎಂಬುದು ನನ್ನ ನಂಬಿಕೆ.

ಕಳೆದುಕೊಂಡದ್ದೂ ಇದೆ. ಫಲನವನ್ನು ಬರೆಯುವವನು ಮೊದಲು ಏನನ್ನು ಒಳಗೆ ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುತ್ತಾನೆ. ಜಂಟಿ ವರದಿಯ ಕೋಷ್ಟಕ ಮಣ್ಣನ್ನೂ ಆಳವನ್ನೂ ದೋಷವನ್ನೂ ತೆಗೆದುಕೊಂಡಿತು, ಆ ವರ್ಷದ ಮಳೆಯನ್ನು ಬಿಟ್ಟಿತು. ಪ್ರದೇಶದ ಹವಾಮಾನವನ್ನು ದರ ಕಟ್ಟುವಾಗ ನೋಡುತ್ತಿದ್ದರು ನಿಜ, ಆದರೆ ಅದು ಮೂವತ್ತು ವರ್ಷದ ಸರಾಸರಿ ಊಹೆ. ಪಾಲಿನ ಪದ್ಧತಿಯಲ್ಲಿ ಎಷ್ಟೇ ಕಿರುಕುಳವಿದ್ದರೂ ಬೆಳೆ ಅರ್ಧವಾದರೆ ಸರ್ಕಾರದ ಪಾಲೂ ಅರ್ಧವಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ಬೆಳೆ ಬಂದರೂ ಬಾರದಿದ್ದರೂ ಆಕಾರ ಅಷ್ಟೇ, ಮಾಫಿ ಬೇಕಾದರೆ ಅರ್ಜಿ ಹಾಕಿ ಕಾಯಬೇಕು. 1876-78ರ ಧಾತು-ಈಶ್ವರ ಬರ ಬಂದಾಗ ಸರ್ವೆ ಇನ್ನೂ ಎಲ್ಲ ತಾಲ್ಲೂಕುಗಳನ್ನು ಮುಟ್ಟಿರಲಿಲ್ಲ, ಆ ಬರಕ್ಕೆ ಕಂದಾಯದ ಪದ್ಧತಿಯೇ ಕಾರಣ ಎನ್ನುವುದು ಸರಿಯಾಗದು. ಆದರೂ 1871ರಲ್ಲಿ 50.55 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 41.86 ಲಕ್ಷಕ್ಕೆ ಇಳಿದದ್ದನ್ನು ನೋಡಿದಾಗ, ಕೋಷ್ಟಕದಿಂದ ಹೊರಗಿಟ್ಟದ್ದು ಎಂಥ ವಸ್ತು ಎಂಬುದು ಎದೆಗೆ ನಾಟುತ್ತದೆ. ಮಳೆ ಕಡಿಮೆಯ ಹಿರಿಯೂರು, ಚಳ್ಳಕೆರೆಯಂಥ ತಾಲ್ಲೂಕುಗಳಲ್ಲಿ ಬೆಳೆಯ ಭವಿಷ್ಯವನ್ನು ಮಣ್ಣಿನ ಆಳಕ್ಕಿಂತ ಹೆಚ್ಚಾಗಿ ನಿರ್ಧರಿಸುವುದೇ ಮಳೆ.

ಆ ಮಳೆಯನ್ನು ಲೆಕ್ಕದೊಳಗೆ ತರಲು ನಡೆದ ದೊಡ್ಡ ಪ್ರಯತ್ನವೂ ಹಿರಿಯೂರು ತಾಲ್ಲೂಕಿನಲ್ಲೇ ಇದೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಸಾಗರಕ್ಕೆ ಇಟ್ಟರು. ತುಂಬುಮಟ್ಟ 130 ಅಡಿ, ಆಗ ನಿಲ್ಲುವ ನೀರು ಸುಮಾರು 30 ಟಿಎಂಸಿ. ಹಿರಿಯೂರಿನ ಜನ ಪತ್ರಿಕೆಯಲ್ಲಿ ‘ಡ್ಯಾಮ್ ಎಷ್ಟು ಅಡಿ ಆಯಿತು’ ಎಂದು ನೋಡುವಾಗ ಅವರು ಓದುತ್ತಿರುವುದು ಒಂದು ಫಲನವನ್ನು. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ 65 ಅಡಿಗೆ ಅರ್ಧ ನೀರು ಎಂದು ತ್ರೈರಾಶಿಕ ಹಾಕಿದರೆ ಕೆಡುತ್ತದೆ. ಕೆಳಗಿನ ಅಡಿಗಳಲ್ಲಿ ಸ್ವಲ್ಪ, ಮೇಲಿನ ಒಂದೊಂದು ಅಡಿಗೂ ಬಹಳ. ಆದರೆ ಮಣ್ಣಿನ ಕೋಷ್ಟಕಕ್ಕಿಲ್ಲದ ಗುಣ ಇದಕ್ಕಿದೆ: ಮಟ್ಟ ಏರಿದರೆ ನೀರು ಏರಲೇಬೇಕಾದ್ದರಿಂದ ಅಡಿಯಿಂದ ಟಿಎಂಸಿಗೂ ಹೋಗಬಹುದು, ಟಿಎಂಸಿಯಿಂದ ಅಡಿಗೂ ಬರಬಹುದು. ಹೂಳು ತುಂಬಿದಂತೆ ಕೋಷ್ಟಕವನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಅಷ್ಟೇ. ಇಷ್ಟಾದರೂ ಮಳೆಯಿಂದ ಮಟ್ಟಕ್ಕೆ ಹೋಗುವ ದಾರಿ ಫಲನವಾಗಲಿಲ್ಲ. 1933ರಲ್ಲಿ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ನಡುವಿನ ವರ್ಷಗಳಲ್ಲಿ ಒಳ್ಳೆಯ ಮಳೆಗಳು ಬಂದವು, ಮೇಲಿನ ಕೆರೆಗಳು ಹಿಡಿದುಕೊಂಡವು, ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರುತ್ತಿದೆ. ಒಂದೇ ಪ್ರಮಾಣದ ಮಳೆಗೆ ಹಲವು ಮಟ್ಟಗಳು ಸಾಧ್ಯ. ಯಾವುದನ್ನು ಫಲನವಾಗಿ ಬಿಗಿಯಬಹುದು, ಯಾವುದು ಸಂಬಂಧವಾಗಿಯೇ ಉಳಿಯುತ್ತದೆ ಎಂಬ ಗೆರೆ ಇಲ್ಲಿ ಕಲ್ಲಿನ ಕಟ್ಟೆಯಷ್ಟೇ ಸ್ಪಷ್ಟವಾಗಿದೆ.

ಸರ್ವೆಯವರು ಫಲನವಾಗಿಸಲಾಗದೆ ಬಿಟ್ಟ ಇನ್ನೊಂದು ಬಾಣವೂ ಇದೆ, ನಂಬರಿನಿಂದ ಮಾಲೀಕನಿಗೆ ಹೋಗುವುದು. ವಿಸ್ತೀರ್ಣ ಒಂದೇ, ಆಕಾರ ಒಂದೇ, ಆದರೆ ಅಪ್ಪ ತೀರಿಕೊಂಡ ಮೇಲೆ ಪಹಣಿಯ ಒಂದೇ ನಂಬರಿನ ಎದುರಿಗೆ ನಾಲ್ಕು ಹೆಸರು. ಅಣ್ಣತಮ್ಮಂದಿರು ಹೊಲದಲ್ಲಿ ಬದು ಹಾಕಿಕೊಂಡು ಬೇರೆಬೇರೆ ಉಳುತ್ತಿರುತ್ತಾರೆ, ದಾಖಲೆಯಲ್ಲಿ ಮಾತ್ರ ಜಂಟಿ ಖಾತೆ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು, ಆದರೆ ಸಂಬಂಧವನ್ನು ಸಂಬಂಧವಾಗಿಯೇ ಹಾಕಿತು. ಪಹಣಿಯ ವಿಸ್ತೀರ್ಣಕ್ಕೂ ಆಕಾರ್‌ಬಂದ್‌ನ ವಿಸ್ತೀರ್ಣಕ್ಕೂ ತಾಳೆಯಾಗದ ಪ್ರಕರಣಗಳೂ ಇವೆ. ಇದಕ್ಕೆ ಕಂದಾಯ ಇಲಾಖೆಯ ಪರಿಹಾರ ಪೋಡಿ. ನಂಬರನ್ನೇ ಒಡೆದು 1, 2, 3 ಎಂದು ಹಿಸ್ಸೆ ಕೊಟ್ಟರೆ ಪ್ರತಿ ಹಿಸ್ಸೆಗೂ ಒಬ್ಬನೇ ಮಾಲೀಕ. ಎರಡನೆಯ ಗಣವನ್ನು ಮುಟ್ಟದೆ ಮೊದಲ ಗಣವನ್ನು ಸಣ್ಣಸಣ್ಣದಾಗಿ ಸೀಳಿ ಸಂಬಂಧವನ್ನು ಫಲನ ಮಾಡುವ ಈ ಉಪಾಯವನ್ನು ಯಾವ ಗಣಿತದ ಮೇಷ್ಟ್ರಾದರೂ ಮೆಚ್ಚಬೇಕು. ಪೋಡಿಮುಕ್ತ ಗ್ರಾಮದ ಆಂದೋಲನ ನಡೆದರೂ ಕೆಲಸ ಮುಗಿದಿಲ್ಲ, ಏಕೆಂದರೆ ಒಡೆಯಬೇಕಾದ ಗೆರೆ ಎಲ್ಲಿ ಎಂಬುದನ್ನು ಸರಪಳಿ ಹೇಳುವುದಿಲ್ಲ, ಪಾಲುದಾರರು ಒಪ್ಪಬೇಕು. ಜವನಗೊಂಡನಹಳ್ಳಿ ಹೋಬಳಿಯ ರೈತನೊಬ್ಬ ಜಂಟಿ ನಂಬರಿನಲ್ಲಿ ತನ್ನ ಪಾಲಿನ ಎರಡು ಎಕರೆ ಮಾರಬೇಕೆಂದರೆ ಮೊದಲು 11ಇ ನಕ್ಷೆಗೆ ಅರ್ಜಿ ಹಾಕಬೇಕು. ಭೂಮಾಪಕರು ಬಂದು ಆ ಎರಡು ಎಕರೆಯನ್ನು ಅಳೆದು ಗಡಿ ಗುರುತಿಸಿ ನಕ್ಷೆ ಕೊಡುತ್ತಾರೆ. ನೋಂದಣಿ, ಖಾತೆ ಬದಲಾವಣೆ ಎಲ್ಲ ಅದಾದ ಮೇಲೆಯೇ.